ಬಣ್ಣ ಹೇಳಬೇಡ

ಕೆಂಪಿನದು ಕೊಡಿ ಅಂದೆಯಲ್ಲ ತಮ್ಮಾ,
ಯಾವ ಕೆಂಪು?
ನರೀನ್ ಪೇಟೆಯ ಈ ಕಬ್ಬಿಣದ ಕಂಟೇನರಿನಲ್ಲಿ ಕೂತು
ಹದಿನೇಳು ಚಳಿಗಾಲ ಕೂಲೆಂಟು ಮಾರಿದ್ದೇನೆ,
ನನ್ನ ಬೆನ್ನ ಹಿಂದೆಯೇ ನಾಲ್ಕು ಕೆಂಪು ನಿಂತಿವೆ.
ಒಂದು ಜರ್ಮನಿಯದು, ಒಂದು ಜಪಾನಿನದು,
ಒಂದು ಎಲ್ಲಿಯದೆಂದು ಆ ಡಬ್ಬಿಗೂ ತಿಳಿಯದು,
ಇನ್ನೊಂದು ಬರೀ ನೀರು, ಚೂರು ಬಣ್ಣ, ಬಹಳ ಧೈರ್ಯ.

ಸೋರಿದರೆ ಕಣ್ಣಿಗೆ ಬೀಳಲಿ ಅಂತ ಬಣ್ಣ.
ಅಷ್ಟೇ.
ಹೊತ್ತಿಗೊಂದು ಅಂಗಿ ತೊಡುವ ಮನುಷ್ಯನನ್ನು
ಅಂಗಿಯ ಹೆಸರಿನಿಂದ ಕರೆಯುತ್ತೀಯಾ?

ಡಬ್ಬಿ ತಿರುಗಿಸು. ಬೆನ್ನು ಓದು.
ಇರುವೆ ಸಾಲಿನಂಥ ಅಕ್ಷರ,
ಕನ್ನಡಕ ಬೇಕಾದರೆ ನನ್ನದು ತಗೋ.
ಗಾಡಿ ಯಾವುದು? ಬಲಗಡೆ ಸ್ಟೀರಿಂಗಿನ ಹೋಂಡಾ.
ಯಾವ ಇಸವಿಯದು? ಹೂಂ.
ಹಿಂದಿನವನು ಏನು ಸುರಿದಿದ್ದ? ಅದೂ ತಿಳಿಯದು.
ಹೆಣ್ಣು ಕೇಳಲು ಹೋದಾಗ
ಏಳು ತಲೆಮಾರಿನ ಹೆಸರು ಬಾಯಿಪಾಠ ಒಪ್ಪಿಸುವವರು
ಗಾಡಿ ತರುವಾಗ ಒಂದು ತಲೆಮಾರೂ ವಿಚಾರಿಸುವುದಿಲ್ಲ.

ನನ್ನ ಗಂಡ ಸಗಿನಾಲಿಯೂ ವಿಚಾರಿಸಲಿಲ್ಲ.
ಅವನ ಹಳೆಯ ಔಡಿಯಲ್ಲಿ ಇದ್ದದ್ದು ಕೆಂಪು,
ಕೊಚ್ಕೋರಿನಲ್ಲಿ ಯಾರೋ ಪುಣ್ಯಾತ್ಮ ಕೊಟ್ಟದ್ದು ಹಸಿರು.
ಕಡಿಮೆ ಇತ್ತು, ಸುರಿದ. ಇಷ್ಟೇ ಕಥೆ.
ಜನವರಿ. ದೊಲೋನ್ ಕಣಿವೆಯ ಏರು.
ಹಿಂದೆ ಮೂವರು, ಒಂದು ಮೂಟೆ ಹಿಟ್ಟು,
ಮುಂದೆ, ಮಡಿಲಲ್ಲಿ ಕೇಕಿನ ಪೆಟ್ಟಿಗೆ ಹಿಡಿದ ಶಾಲೆಯ ಹೆಡ್ಡಮ್ಮ.
ಮೊದಲು ಹೀಟರ್ ತಣ್ಣಗಾಯಿತು.
ಆಮೇಲೆ ಮುಳ್ಳು ಮೇಲೆ ಮೇಲೆ ಹೋಯಿತು.
ಹೊರಗೆ ಮೈನಸ್ ಮೂವತ್ತೆರಡು, ಬಾನೆಟ್ಟಿನೊಳಗೆ ಕೊತಕೊತ ಕುದಿ,
ನಡುವೆ ಐದು ಜನರ ಉಸಿರು ಗಾಜಿಗಂಟಿ ಹಿಮ.

ಕೇಕು ತಿಂದರು. ಇನ್ನೇನು ಮಾಡುತ್ತಾರೆ?
ಯಾರದೋ ಹೆಸರು ಬರೆದಿದ್ದ ಕೆನೆಯನ್ನು
ಬರಿಗೈಯಲ್ಲಿ ಬಗೆದು ಬಗೆದು ತಿಂದರು,
ಕಲ್ಲಿದ್ದಲ ಲಾರಿಯೊಂದು ಬರುವವರೆಗೆ.
ಕೇಕು ಉಳಿಯಲಿಲ್ಲ, ಜನ ಉಳಿದರು,
ಸಗಿನಾಲಿಯ ಎಡಗಾಲಿನ ಎರಡು ಬೆರಳು ಬಿಟ್ಟು.
ವಸಂತದಲ್ಲಿ ರೇಡಿಯೇಟರ್ ಬಿಚ್ಚಿದೆವು.
ಒಳಗೆ ಅಂಬಲಿ. ತಂಗಳು, ಕಂದು ಬಣ್ಣದ ಅಂಬಲಿ.
ಚಮಚದಲ್ಲಿ ತೆಗೆದೆ, ನಾನೇ.

ಅದಕ್ಕೇ ಹೇಳುವುದು, ಮೊದಲು ಎಲ್ಲ ಬಸಿ.
ಶುದ್ಧ ನೀರಿನಲ್ಲಿ ಎರಡು ಸಲ ತೊಳೆ.
ಹೊಳೆಯ ನೀರು ಬೇಡ,
ಅದು ಬೆಟ್ಟವನ್ನು ಕರಗಿಸಿಕೊಂಡು ಬಂದಿರುತ್ತದೆ,
ಕುದಿದಾಗ ಬೆಟ್ಟ ಅಲ್ಲೇ ಕೂತುಬಿಡುತ್ತದೆ.

ಅಯ್ಯೋ, ನೀರೇ ಬೆರೆಸದೆ ಸುರಿಯುತ್ತೀಯಾ? ಜಾಣ!
ಎಲ್ಲ ಹೊಸಬರಿಗೂ ಇದೇ ಬುದ್ಧಿ,
ಗಟ್ಟಿಯಾದಷ್ಟೂ ಗಟ್ಟಿ ಅಂತ.
ಈ ರಸ ಒಂಟಿಯಾಗಿದ್ದರೆ ಮೈನಸ್ ಹದಿಮೂರಕ್ಕೇ ಶರಣು.
ನೀರು ಒಂಟಿಯಾಗಿದ್ದರೆ ಸೊನ್ನೆಗೇ ಶರಣು.
ಎರಡೂ ಹದವಾಗಿ ಕೂಡಿದರೆ
ನಲವತ್ತರ ಕೊರೆತದಲ್ಲೂ ಹರಿಯುತ್ತವೆ.
ಯಾಕೆ ಅಂತ ನನ್ನನ್ನು ಕೇಳಬೇಡ.
ನನ್ನ ಮದುವೆಯೂ ಹಾಗೇ ನಡೆದಿದೆ,
ಅದನ್ನೂ ಯಾರೂ ನನಗೆ ಬಿಡಿಸಿ ಹೇಳಿಲ್ಲ.

ನಿನ್ನ ಹೋಂಡಾಕ್ಕೆ ಇದು. ನೀಲಿ.
ಹೌದು, ಕೆಂಪಲ್ಲ. ಹೌದು, ಇನ್ನೂರು ಸೋಮ್ ಜಾಸ್ತಿ.
ಪಕ್ಕದ ಕಂಟೇನರಿನ ಕಲಿಚ್‌ಬೆಕ್ ಅಗ್ಗಕ್ಕೆ ಕೊಡುತ್ತಾನೆ, ಗೊತ್ತು,
ಅವನು ನಗುತ್ತಾ ಕೊಡುತ್ತಾನೆ, ಅದೂ ಗೊತ್ತು.
ಹೋಗು, ನಾನೇನು ಬಾಗಿಲಿಗೆ ಅಡ್ಡ ನಿಂತಿಲ್ಲ.
ಕಣಿವೆಗೆ ಹೊರಡುವಾಗ
ಮಡಿಲಲ್ಲಿ ಕೇಕು ಇರುವವರನ್ನೇ ಹತ್ತಿಸಿಕೋ.

ಹೋದ.
ಅವನು ಅಲ್ಲಾಡಿಸಿಟ್ಟ ಡಬ್ಬಿಯ ಮುಚ್ಚಳ ಸಡಿಲ,
ನೆಲದ ಮೇಲೆ ಒಂದು ಬೊಟ್ಟಿನಷ್ಟು ನೀಲಿ.
ಸಿಹಿ ಅದು. ವಿಷಕ್ಕೆ ಯಾಕೆ ಸಿಹಿ ಕೊಟ್ಟರೋ.
ಹೋದ ವರ್ಷ ನಮ್ಮ ಮಿರ್ಜಾ
ಇಷ್ಟೇ ಇಷ್ಟನ್ನು ನೆಕ್ಕಿ
ಮೂರು ದಿನ ಈ ಹೊಸ್ತಿಲಲ್ಲಿ ಮಲಗಿತ್ತು,
ಬಾಲ ಮಾತ್ರ ಆಡಿಸುತ್ತ.
ಈಗ ಅದೇ ಜಾಗದಲ್ಲಿ ಕೂತ ಮರಿ
ಮೂಗು ಚಾಚುತ್ತಿದೆ.

ತಡಿ, ತಡಿಯೇ,
ಒಲೆಯ ಬೂದಿ ಎಲ್ಲಿಟ್ಟೆ?