ಒಬ್ಬಳೇ ಎಂಬ ಸರ್ಟಿಫಿಕೇಟು

ಬೀಡಿ ಕಾರ್ಡಿನಲ್ಲಿ ಅಮ್ಮ ದೆಯ್ಯು,
ರೇಶನ್ ಕಾರ್ಡಿನ ಮಲಯಾಳದಲ್ಲಿ ದೇವಕಿ.
ಇಬ್ಬರೂ ಒಬ್ಬಳೇ ಎಂದು
ಪೈವಳಿಕೆಯ ವಿಲೇಜಾಫೀಸು ಬರೆದುಕೊಡಬೇಕು;
ಸ್ಕಾಲರ್‌ಶಿಪ್ಪಿಗೆ ನಾಳೆ ಕಡೇ ದಿನ.

ವರ್ಷದ ಆದಾಯವೆಷ್ಟು, ಕೇಳಿದರು.
ನಾನು ತುಳುವಿಗೆ ತಿರುಗಿಸಿದೆ.
ಅಮ್ಮ ಉತ್ತರಿಸಿದ್ದು ಕಟ್ಟುಗಳಲ್ಲಿ,
ಎಲೆ ಹರಿದಿದೆಯೆಂದು
ಬ್ರಾಂಚಿನವರು ಎಸೆದವನ್ನೂ ಬಿಡದೆ.

ಸೀಲು ಬಿತ್ತು.
ಹೊರಗೆ ಮೆಟ್ಟಿಲಲ್ಲಿ
ಶಾಯಿಯನ್ನು ಊದಿ ಆರಿಸುತ್ತಾ ನಕ್ಕಳು:
“ಇಬ್ಬರಿದ್ದಿದ್ದರೆ ಮಗಾ,
ಈ ಅರ್ಜಿ ಯಾಕೆ ಬೇಕಿತ್ತು?”

ಅಕ್ಷಯ ಕೇಂದ್ರದಲ್ಲಿ ಐದಕ್ಕೆ ಹತ್ತು ನಿಮಿಷ.
ಒಟಿಪಿ ಹೋದದ್ದು ಅಣ್ಣನ ಫೋನಿಗೆ,
ಅವನು ಉಪ್ಪಳದಲ್ಲಿ ಮೀನಿನ ಲಾರಿಯ ಮೇಲೆ.
ಐಸಿನ ಕೈಯೊರೆಸಿ, ಗದ್ದಲದ ನಡುವೆ
ಒಂದೊಂದೇ ಅಂಕಿ ಕೂಗಿದ.
ಕೊನೆಯದು ಏಳೋ ಎಂಟೋ...
ಅಮ್ಮ ಫೋನು ಕಸಿದುಕೊಂಡಳು:
“ಮೆಲ್ಲ ಹೇಳು ಮಾರಾಯ,
ಕಟ್ಟು ಎಣಿಸಿದ ಹಾಗೆ.”