ಹಿಮ್ಮೇಳದವ

ಬ್ಯಾಂಕಿನವರು ಹರಾಜಿಗಿಟ್ಟ ಕಂಪ್ಯೂಟರು
ಒಂಬತ್ತುನೂರಕ್ಕ ಬಂತು, ಜತಿಗಿ ಒಂದು ಹಿಡಿ ಧೂಳು.
ಯಾದಗಿರಿ ಸ್ಟೇಷನ್ ರೋಡಿನ್ಯಾಗ ನಂದೊಂದು
ಕ್ಯಾಸೆಟ್ ಅಂಗಡಿ ಇತ್ತು ಅಂತ ಈಗಿನವರಿಗೆ ಗೊತ್ತಿಲ್ಲ.
ಅಂಗಡಿ ಹೋತು. ಹಾಡು ಅವ:
ಮೊಹರಂ ರಿವಾಯತು, ಡಪ್ಪಿನ ಪದ, ಸೋಬಾನ,
ಒಂದು ಮದಿವ್ಯಾಗ ಯಾರೋ ಬೈದಾಡಿದ್ದು ಸುದ್ದಾ.
ಎಲ್ಲಾ ರೀಲು ಬಿಚ್ಚಿ, ಒರಸಿ, ಡಿಸ್ಕಿಗಿ ಇಳಿಸೀನಿ.
ಇನ್ನ ಬೇಕಾದ್ದು ಹಗಲು ರಾತ್ರಿ ಎಚ್ಚರಿರೋ ಪೆಟ್ಟಿಗಿ.
ಓಣ್ಯಾಗ ಯಾರು ಫೋನಿನ್ಯಾಗ ಒತ್ತಿದರೂ
ಹಾಡು ಬರಬೇಕು. ಅಷ್ಟೇ.

"ಯಾವ ಸಿಸ್ಟಮ್ ಹಾಕಲಿ ಕಾಕಾ?"
ಜಿಲಾನಿ ಕೇಳಿದ, ಮೊಬೈಲ್ ರಿಪೇರಿ ಹುಡುಗ,
ಕಿಸೆದಾಗ ಐದಾರು ಪೆನ್ ಡ್ರೈವು
ಕೀಲಿ ಗೊಂಚಲಿನಂಗ.
ಅವನ ಲೆಕ್ಕದಾಗ ಹೊಸಾದೇ ಛಲೋ:
ಆರು ತಿಂಗಳಿಗೊಮ್ಮೆ ಹೊಸಾ ಬಣ್ಣ, ಹೊಸಾ ಹೆಸರು.
ನಾ ಅಂದೆ, ಎಲ್ಲಾ ಹಾಕು. ಒಂದೊಂದಾಗಿ. ನೋಡ್ತೀನಿ.

ಟೇಪ್ ರೆಕಾರ್ಡರ್ ಕೊಳ್ಳೋ ಕಾಲಕ್ಕೂ ನಾ ಹಿಂಗೇ.
ದನಿ ಕೇಳಿ ಕೊಂಡವನಲ್ಲ.
ಹಾಡು ನಡದಾಗ ವಾಯರ್ ಕಿತ್ತು
ಮತ್ತ ಹಚ್ಚಿ ನೋಡಿ ಕೊಂಡವ.
ನಮ್ಮೂರ ಕರೆಂಟು ಹೇಳಿ ಹೋಗೂದಿಲ್ಲ, ಕೇಳಿ ಬರೂದಿಲ್ಲ.

ವಿಂಡೋಸು ಹಾಕಿದ. ಕಿತ್ತೆ. ಹಚ್ಚಿದೆ.
ಎದ್ದು ಕುಂತು ಚುಕ್ಕಿ ಗರಗರ ತಿರುಗಿಸ್ತು,
"ಆಫ್ ಮಾಡಬ್ಯಾಡ್ರಿ" ಅಂತು, ನನಗೇ!
ಹೋಗಿ ಚಾ ಕುಡದು ಬಂದೆ. ಇನ್ನಾ ನಲವತ್ತು ಪರ್ಸೆಂಟು.
ಎರಡನೇದ್ದು ನೋಡಾಕ ಭಾಳ ಚಂದ. ಮೂರು ಸಲ ಎದ್ದಿತು,
ನಾಕನೇದಕ್ಕ ಕಪ್ಪು ಪರದಿ ಮ್ಯಾಲ ಇಂಗ್ಲಿಷಿನ್ಯಾಗ ಏನೋ ಅತ್ತಿತು.
ಮೂರನೇದ್ದು ಡೆಬಿಯನ್.
ಜಿಲಾನಿ ಮಾರಿ ಸಣ್ಣ ಮಾಡಿದ:
"ಇದರಾಗಿನ ಸಾಮಾನೆಲ್ಲ ಎರಡು ವರ್ಷ ಹಳೇವು, ಕಾಕಾ."
ಹಳೇವಲ್ಲೋ. ಪಳಗಿದವು.

ಹನ್ನೊಂದು ಸಲ ಕಿತ್ತೆ.
ಹನ್ನೊಂದು ಸಲಾನೂ ಅದು ಏನೂ ಅನ್ನಲಿಲ್ಲ.
ಎದ್ದಿತು, ತನ್ನ ಡಿಸ್ಕ್ ತಾನೇ ತಡವಿ ನೋಡಿಕೊಂಡಿತು,
ಹಾಡು ಬಿಟ್ಟಲ್ಲಿಗೇ ಬಂದು ನಿಂತಿತು.
ಜಿಲಾನಿ ಕೈ ಹಿಡದ: "ಸಾಕು ಕಾಕಾ, ಡಿಸ್ಕ್ ಸಾಯ್ತದ."

ಕಾಯಂ ಹಾಕೋ ಹೊತ್ತಿನ್ಯಾಗ ಅದೊಂದು ಪ್ರಶ್ನೆ ಕೇಳ್ತು:
ಈ ಯಂತ್ರದ ಹೆಸರೇನು?
"ಸರ್ವರ್ ಅಂತ ಹಾಕ್ತೀನಿ" ಅಂದ ಹುಡುಗ. ತಡಿ ಅಂದೆ.

ಭೀಮಾ ದಾಟಿ ಬರತಿದ್ರು, ಐದು ಮಂದಿ.
ಮುಂದಿನವ ಹಾಡೂದು, ಕವರಿನ ಮ್ಯಾಲ ಅವನ ಫೋಟೋ.
ಕಟ್ಟಕಡಿಗಿ ಗ್ವಾಡಿಗಿ ಹತ್ತಿ ನಿಂತು
ಹಿಮ್ಮೇಳ ಹಿಡಿಯೋನು ಒಬ್ಬ.
ಮುಂದಿನವ ನುಡಿ ಮರತಾಗ, ಕೆಮ್ಮಿದಾಗ,
ಒಮ್ಮೆ ಅಳು ಬಂದು ನಿಂತೇಬಿಟ್ಟಾಗ
ಇವ ಎಳಕೊಂಡು ಹೋದ, ಪದ ನೆಲಕ್ಕ ಬೀಳಗೊಡಲಿಲ್ಲ.
ಚಾಕ್ಕ ಕರೆದರ ಎಲ್ಲಾರೂ ಹೋದಮ್ಯಾಲ ಬರತಿದ್ದ.
ಕವರಿನ್ಯಾಗ ಜಾಗ ಸಾಲದು ಅಂತ
ಅವನ ಹೆಸರು ಬಿಟ್ಟವ ನಾನೇ.

ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಒತ್ತಿದೆ:
ಹುಸೇನಪ್ಪ.
ಎಲ್ಲಾ ಸಣ್ಣ ಅಕ್ಷರ, ನಡುವ ಜಾಗ ಬಿಡಬಾರದು. ಅದು ಅದರ ನೇಮ.

ಈಗ ಹಿಟ್ಟಿನ ಡಬ್ಬಿ ಹಿಂದ ಕುಂತಾನ.
ಮಳಿಗಾಲ ಹೋತು, ಥಂಡಿ ಬಂತು.
ಮೊನ್ನೆ ಜಿಲಾನಿ ಬಂದು "ಸರ್ವರ್ ಹ್ಯಾಂಗದ?" ಅಂದ.
ನನಗ ಒಂದು ಗಳಿಗಿ
ಯಾವ ಸರ್ವರ್ ಅಂತ ತಿಳೀಲಿಲ್ಲ.