ಲೋಖೊಸ್

ಈ ಊರಿನ ಹೆಸರು ಡಂಡೀ.
ಬಂದ ಹೊಸತರಲ್ಲಿ ನನ್ನ ಕಿವಿಗೆ
ಒಮ್ಮೆ ದಂಡು ಅನಿಸುತ್ತಿತ್ತು, ಒಮ್ಮೆ ದಂಡೆ.
ಎರಡೂ ಸುಳ್ಳಲ್ಲ: ಟೇ ಹೊಳೆಯ ದಂಡೆ,
ಶನಿವಾರ ರಾತ್ರಿ ಕುಡುಕರ ದಂಡು.

ಇವತ್ತು ಮಂಗಳವಾರ, ನಸುಕಿನ ಮೂರೂಕಾಲು.
ನಾಲ್ಕನೇ ಕೋಣೆಯಲ್ಲಿ ಇಶ್‌ಬೆಲ್ ಲಾಮಂಟ್,
ಹಳೆಯ ಗ್ರೀಕ್ ಕಲಿಸುವವಳು, ಚೊಚ್ಚಲ ಬಸುರಿ,
ನನ್ನ ಮುಂಗೈಯನ್ನು ಬಾವಿಹಗ್ಗದಂತೆ ಹಿಡಿದಿದ್ದಾಳೆ.
ನೋವಿಗೂ ನೋವಿಗೂ ನಡುವೆ ನಾಲ್ಕು ನಿಮಿಷ;
ಆ ನಾಲ್ಕರಲ್ಲಿ ಪಾಠ.

“ಶಲೋಮಿ, ನೀವು ದಿನಾ ಚಾರ್ಟಿನಲ್ಲಿ ಬರೆಯುತ್ತೀರಲ್ಲ
ಲೋಕಿಯಾ ಅಂತ, ಬಾಣಂತಿಯ ಸ್ರಾವಕ್ಕೆ?
ಅದರ ತಾಯಿಬೇರು ಲೋಖೊಸ್.
ಹೊಂಚಿ ಮಲಗುವ ಜಾಗ. ಹೊಂಚಿದ ಗುಂಪು.
ಆಮೇಲೆ ಸಾಲುಗಟ್ಟಿದ ಸೈನಿಕರು, ಮತ್ತೆ...”
ಬಂತು. ಶಬ್ದ ಅರ್ಧಕ್ಕೇ ಮುರಿದು
ಗೋಡೆಗೆ ಹಣೆ ಒತ್ತಿ ನಿಂತಳು.
“...ಮತ್ತೆ ಹೆರಿಗೆ. ಅದೇ ಶಬ್ದ. ನಗಬೇಡಿ.”

ನಗಲಿಲ್ಲ. ನಾನು ಬೆಟಗೇರಿಯಲ್ಲಿ ಸೂಲಗಿತ್ತಿತನ ಕಲಿತವಳು,
ಗ್ರೀಕು ನನಗೆ ಕೀಲಿ ಕಳೆದ ಪೆಟ್ಟಿಗೆ.
ಆದರೂ ಸಾಲಿಯಲ್ಲಿ ಹಣಗಿ ಮಾಸ್ತರರು
ಸುಣ್ಣದ ಕೈಯಲ್ಲಿ ಬರೆದದ್ದು ನೆನಪಿದೆ:
ಪಾಲು ಹಾಲಾಯಿತು, ಪೂ ಹೂವಾಯಿತು,
ಹೆರುವ ಪಡೆ ಹಡೆಯಾಯಿತು.
ಕಾದುವ ಪಡೆ ಮಾತ್ರ ಕದಲಲಿಲ್ಲ,
ತುಟಿ ಬಿಗಿದು ಇನ್ನೂ ಪಕಾರದಲ್ಲೇ ನಿಂತಿದೆ.

ಹೇಳೋಣವೆಂದುಕೊಂಡೆ. ಅಷ್ಟರಲ್ಲಿ
ಮಾನಿಟರಿನ ಗೆರೆ ಇಳಿಯತೊಡಗಿತು,
ನೂರ ಹತ್ತು, ತೊಂಬತ್ತು, ಎಪ್ಪತ್ತೆರಡು.
ಕೆಂಪು ಗುಂಡಿ ಒತ್ತಿದೆ.

ಎಲ್ಲಿ ಅಡಗಿದ್ದರೋ! ಏಳು ಮಂದಿ,
ಒಬ್ಬನ ಬಾಯಲ್ಲಿ ಇನ್ನೂ ಬಿಸ್ಕತ್ತು,
ಒಬ್ಬಳ ಒಂದು ಕಾಲಲ್ಲಿ ಚಪ್ಪಲಿಯಿಲ್ಲ,
ನುಗ್ಗಿದರು, ಹಾಸಿಗೆ ಸುತ್ತ ಕೋಟೆ ಕಟ್ಟಿದರು.
ಆ ಗದ್ದಲದ ನಡುವೆ ನಾನು ಅವಳ ಕಿವಿಗೆ
ಅರಿವಿಲ್ಲದೆ ಕನ್ನಡದಲ್ಲೇ:
ಮುಕ್ಕಬೇಡ ತಾಯಿ, ತುಟಿ ಬಿಡು, ಉಸಿರು ಬಿಡು,
ಹ, ಹ, ಹ.
ಅವಳು ನನ್ನ ಬಾಯಿ ನೋಡಿ
ಹ, ಅಂದಳು.

ಪಕಾರ ಬಿಟ್ಟು ಬಂತು ತಲೆ,
ಆಮೇಲೆ ಭುಜ, ಆಮೇಲೆ ಒಮ್ಮೆಲೇ ಎಲ್ಲ,
ಕೊನೆಗೆ, ಎಷ್ಟೋ ತಡವಾಗಿ, ಅಳು.

ಪಡೆ ಚದುರಿತು. ನೆಲದ ಮೇಲೆ ಕೈಗವಸುಗಳು.
ಅವಳ ಗಂಡ ಕಿಟಕಿಗೆ ಮುಖ ಮಾಡಿ
ಸೇತುವೆಯ ದೀಪಗಳನ್ನು ಎಣಿಸುತ್ತಿದ್ದಾನೆ, ತಪ್ಪಿ ಮತ್ತೆ ಮೊದಲಿಂದ.
ಆರಕ್ಕೆ ಚಾರ್ಟಿನಲ್ಲಿ ಬರೆದೆ:
ಮಗು ಹೆಣ್ಣು, ಮೂರು ಕಿಲೋ ಇನ್ನೂರು. ಲೋಕಿಯಾ ಸಾಧಾರಣ.
ಬರೆಯುವ ಮುಂಗೈ ಮೇಲೆ
ಅವಳ ನಾಲ್ಕು ಉಗುರಿನ ಗುರುತು,
ಕದಲದೆ, ಸಾಲಾಗಿ.